ಮೊಮ್ಮಗು ಬಂದರೂ ಮುಗಿಯದ ತರಬೇತಿ

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ನಿಮ್ಮ ಕಚೇರಿ ನನ್ನ ಹೆಂಡತಿಯ ಹೊಟ್ಟೆಯ ಮೇಲೆ ಹೊಡೆದಿದೆ, ಅದೂ ಅವಳ ಬಾಯಿಂದಲೇ ಬಂದ ಮಾತನ್ನು ದೊಣ್ಣೆ ಮಾಡಿಕೊಂಡು. ನಿಮ್ಮ ಮೇಜಿಗೆ ಹೋದ ಕಾಗದಕ್ಕೆ ಒಳ್ಳೆಯ ನಿದ್ದೆ ಬರುತ್ತದಂತೆ. ಅದಕ್ಕೇ ಇದನ್ನು ಊರೆಲ್ಲ ಓದುವಲ್ಲಿ ಬರೆಯುತ್ತಿದ್ದೇನೆ.

ಅವಳು ಖಾಸಗಿ ಆಸ್ಪತ್ರೆಯೊಂದರಲ್ಲಿ ಆಯಾ. ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ಬದಲಿಸಿ, ಬೆಡ್‌ಪ್ಯಾನ್ ತೊಳೆದು, ತುತ್ತು ತಿನ್ನಿಸುವವಳು. ಆಸ್ಪತ್ರೆಯ ಕೆಲಸಗಾರರಿಗೆ ಇಷ್ಟಕ್ಕಿಂತ ಕಡಿಮೆ ಸಂಬಳ ಕೊಡಕೂಡದೆಂದು ನೀವು ಆದೇಶ ಹೊರಡಿಸಿದಿರಿ. ನಾವು ಹಿಗ್ಗಿದೆವು. ಸ್ವಲ್ಪ ದಿನಕ್ಕೇ ಯಜಮಾನರು ಆಯಾಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, "ಇವತ್ತಿಂದ ನೀವೆಲ್ಲ ತರಬೇತಿಯಲ್ಲಿರೋರು" ಎಂದರು. ಆದೇಶ ಕೆಲಸಗಾರರಿಗೆ ತಾನೇ, ಕಲಿಯುವವರಿಗೆ ಅಲ್ಲವಲ್ಲ! ನೀವು ಚಾಪೆ ಹಾಸಿದಿರಿ, ಅವರು ರಂಗೋಲಿ ಕೆಳಗೇ ತೂರಿದರು. ತೂರುವುದನ್ನು ನೋಡುತ್ತಾ ಕೂರಲೆಂದೇ ನಿಮಗೆ ಕುರ್ಚಿ ಕೊಟ್ಟಿದ್ದಾರೆಯೇ?

ಅವಳು ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ದುಡಿದಳು. ಒಮ್ಮೆ ಭಾರದ ರೋಗಿಯೊಬ್ಬರನ್ನು ಎತ್ತುವಾಗ ಭುಜದ ಕೀಲು ತಪ್ಪಿತು. ಅದೇ ಆಸ್ಪತ್ರೆಯಲ್ಲಿ ಕೀಲು ಕೂರಿಸಿದರು, ಅದೇ ಕೈಗೆ ಬಿಲ್ಲು ಕೊಟ್ಟರು. "ಕೆಲಸದವರಿಗಾದ್ರೆ ಬಿಟ್ಟಿ. ನೀವು ತರಬೇತಿಯವರಲ್ವಾ?" ಎಂದು ಕೌಂಟರಿನ ಹುಡುಗಿ ತಲೆ ತಗ್ಗಿಸಿಕೊಂಡೇ ಹೇಳಿದಳಂತೆ. ಆ ದಿನವೇ ನನ್ನವಳು ನಿಮ್ಮಲ್ಲಿಗೆ ಬಂದು ದೂರು ಕೊಟ್ಟಳು.

ನಿಮ್ಮ ಇನ್ಸ್‌ಪೆಕ್ಟರು ಬಂದರು. ಕಾಲಿಟ್ಟದ್ದು ವಾರ್ಡಿಗಲ್ಲ, ಯಜಮಾನರ ತಣ್ಣನೆಯ ಕೋಣೆಗೆ. ಚಹಾ ಕುಡಿದು, ಯಜಮಾನರ ಎದುರಿಗೇ ಅವಳನ್ನು ಕರೆಸಿದರು.

"ಏನಮ್ಮ, ನೀವಿಲ್ಲಿ ಕೆಲಸ ಮಾಡ್ತೀರೋ, ಕಲೀತೀರೋ?"

ನನ್ನವಳಿಗೆ ಉರಿದುಹೋಯಿತು. "ಮಗಳ ಮದುವೆ ಆಯ್ತು ಸಾರ್. ಮೊಮ್ಮಗು ನಡೆಯೋದೂ ಕಲೀತು. ನಾನು ಮಾತ್ರ ಬೆಡ್‌ಪ್ಯಾನ್ ತೊಳೆಯೋದನ್ನ ಇನ್ನೂ ಕಲೀತಾನೇ ಇದ್ದೀನಿ!"

ಇಬ್ಬರೂ ನಕ್ಕರಂತೆ. ಆಮೇಲೆ ನಿಮ್ಮ ರುಜುವಿನೊಡನೆ ಉತ್ತರ ಬಂತು: 'ತಾನು ಕಲಿಯುತ್ತಿರುವುದಾಗಿ ದೂರುದಾರರು ಸ್ವತಃ ಒಪ್ಪಿಕೊಂಡಿರುವುದರಿಂದ ದೂರನ್ನು ವಜಾ ಮಾಡಲಾಗಿದೆ.'

ಸ್ವಾಮೀ, ಹೊಟ್ಟೆಯುರಿಯ ಮಾತಿಗೂ ಒಪ್ಪಿಗೆಗೂ ವ್ಯತ್ಯಾಸ ತಿಳಿಯದವರು ನ್ಯಾಯ ಹೇಗೆ ತೂಗುತ್ತೀರಿ? ಅನ್ನ ಹಾಕುವವನ ಮುಂದೆ ನಿಲ್ಲಿಸಿ ಕೇಳುವುದನ್ನು ವಿಚಾರಣೆ ಎನ್ನಬೇಕೋ, ಬೆದರಿಕೆ ಎನ್ನಬೇಕೋ?

ಆ ಉತ್ತರ ಬಂದ ಮರುದಿನ ಬೆಳಿಗ್ಗೆ ಅವಳನ್ನು ಬಿಡಲು ನಾನೇ ಹೋಗಿದ್ದೆ. ದಿನವೂ ನಕ್ಕು ಗೇಟು ತೆರೆಯುವ ಕಾವಲುಗಾರ ಅಡ್ಡ ನಿಂತ. "ಅಕ್ಕ, ಬೇಜಾರು ಮಾಡ್ಕೋಬೇಡಿ. ಒಳಗೆ ಬಿಡ್ಬೇಡ ಅಂದಿದಾರೆ. ನಿಮ್ಮ ತರಬೇತಿ ಮುಗೀತಂತೆ."

ಅವಳು ಅಳಲಿಲ್ಲ, ಜಗಳವಾಡಲಿಲ್ಲ. "ಮೂಲೆ ಮಂಚದ ಅಜ್ಜಿಗೆ ಬೆನ್ನು ಹುಣ್ಣಾಗಿದೆಯಪ್ಪ. ಮಗ್ಗುಲು ಬದಲಿಸೋಕೆ ಯಾರಿಗಾದ್ರೂ ಹೇಳು" ಎಂದಳು. ಅಳು ಬಂದದ್ದು ನನಗೆ.

ನಾನು ಭಿಕ್ಷೆ ಕೇಳುತ್ತಿಲ್ಲ. ಅವಳನ್ನು ಮತ್ತೆ ಕೆಲಸಕ್ಕೆ ಸೇರಿಸಿ, ಕೆಲಸಗಾರ್ತಿ ಎಂದೇ ಕರೆಯಿಸಿ, ಆದೇಶದಂತೆ ಸಂಬಳ ಕೊಡಿಸಿ. ವಿಚಾರಣೆಗೆ ಈ ಸಲ ನೀವೇ ಬನ್ನಿ. ಯಜಮಾನರನ್ನು ಹೊರಗೆ ಕೂರಿಸಿ, ಆಯಾಗಳನ್ನು ಒಬ್ಬೊಬ್ಬರನ್ನಾಗಿ ಕೇಳಿ. ಅವರು ಕೊಂಕು ಮಾತಾಡಿದರೆ, ದಯವಿಟ್ಟು ಬರೆದುಕೊಳ್ಳುವ ಮುನ್ನ ಅವರ ಮುಖ ನೋಡಿ.

ಇಂತಿ,
ನಿಮ್ಮ ಆದೇಶವನ್ನು ನಂಬಿ ಹಿಗ್ಗಿದ್ದ ಒಬ್ಬ ಪೆದ್ದ ದರ್ಜಿ