ಕೌದಿಯ ಮೇಲಿನ ಎಂಬತ್ತನಾಲ್ಕು ಹೆಸರುಗಳು

ನಮ್ಮ ಜಿಲ್ಲಾ ವಸ್ತುಸಂಗ್ರಹಾಲಯದ ಮಾನ್ಯ ನಿರ್ದೇಶಕರೇ,

ನಾನು ದಾನ ಕೊಟ್ಟ ಕೌದಿಯ ಕೆಳಗೆ ‘ಊರಿನ ಮಹಿಳೆಯರ ಸ್ನೇಹದ ಕೌದಿ, 1924’ ಎಂದು ಬರೆಸಿದ್ದೀರಿ. ನಡುವಿನ ಮೂರು ಕೆಂಪು ‘ಕೆ’ ಅಕ್ಷರಗಳ ಮೇಲೆ ಸೂರ್ಯಕಾಂತಿಯ ತೇಪೆ ಬೇರೆ ಹಾಕಿಸಿದ್ದೀರಿ. ನಲವತ್ತು ವರ್ಷ ಶಾಲೆಯಲ್ಲಿ ಹೊಲಿಗೆ ಕಲಿಸಿದವಳಾಗಿ ಮೊದಲು ಹೇಳಬೇಕಾದ್ದು ಹೇಳಿಬಿಡುತ್ತೇನೆ: ತೇಪೆಯ ಹೊಲಿಗೆ ಸೊಟ್ಟಗಿದೆ. ಅದರ ಅಡಿಯಲ್ಲಿರುವುದು ಕೂ ಕ್ಲಕ್ಸ್ ಕ್ಲಾನ್ ಎಂಬ ಸಂಘದ ಹೆಸರು. ಅದನ್ನು ಸ್ನೇಹ ಎನ್ನುವ ಧೈರ್ಯ ನಿಮಗೆ ಹೇಗೆ ಬಂತು?

ಆ ಕಾಲದಲ್ಲಿ ನಮ್ಮ ಇಂಡಿಯಾನಾ ರಾಜ್ಯದ ಬಿಳಿಯ ಗಂಡಸರಲ್ಲಿ ಮೂರು ನಾಲ್ಕು ಜನಕ್ಕೊಬ್ಬ ಅದರ ಸದಸ್ಯ. ಕಪ್ಪು ಜನ, ಕ್ಯಾಥೊಲಿಕರು, ಯಹೂದಿಗಳು, ಯಾರನ್ನು ಕಂಡರೂ ಅವರಿಗೆ ಆಗುತ್ತಿರಲಿಲ್ಲ. ನಮ್ಮೂರಿನ ಪಾದ್ರಿ, ಡಾಕ್ಟರು, ಹಾಲಿನವನು ಎಲ್ಲರೂ ಬಿಳಿ ಗವುಸಿನಲ್ಲಿ ಮುಖ ಮುಚ್ಚಿಕೊಂಡು ಮೆರವಣಿಗೆ ಹೋದರು. ಗಂಡಂದಿರು ಅಷ್ಟು ಕಷ್ಟಪಟ್ಟು ಮುಖ ಮುಚ್ಚಿಕೊಂಡರೆ, ಹೆಂಡತಿಯರು ಅವರ ಹೆಸರು, ತಮ್ಮ ಹೆಸರು ಸೇರಿಸಿ ಒಟ್ಟು ಎಂಬತ್ತನಾಲ್ಕು ಹೆಸರುಗಳನ್ನು ಕೌದಿಗೆ ಕಸೂತಿ ಹಾಕಿ ಚರ್ಚಿನ ಊಟದ ದಿನ ಗೋಡೆಗೆ ತೂಗುಹಾಕಿದರು. ಇಂಥ ಗುಟ್ಟಿನ ಸಂಘ ಬೇರೆಲ್ಲಿ ಸಿಕ್ಕೀತು, ಸ್ವಾಮಿ? ಮೂರನೇ ಸಾಲಿನ ಮೊದಲ ಹೆಸರು ನಮ್ಮಜ್ಜಿ ಅಲ್ಮೀಡಾ ಸ್ಟ್ರಿಕ್ಲರ್‌ಳದು.

ಮನೆತನಗಳಿಗೆ ನೋವಾಗಬಾರದು ಎಂದು ಫೋನಿನಲ್ಲಿ ಹೇಳಿದಿರಿ. ಅಜ್ಜಿಯ ಮನೆತನದಲ್ಲಿ ಉಳಿದವಳು ನಾನೊಬ್ಬಳೇ. ನನಗೆ ನೋವಾಗಿಲ್ಲ, ನಾಚಿಕೆಯಾಗಿದೆ. ನೋವು ಯಾರದೆಂದು ತಿಳಿಯಬೇಕಾದರೆ ತೊಂಬತ್ತೊಂದು ವರ್ಷದ ಡಾರ್ಸಿ ಔಟ್‌ಲ್ಯಾಂಡ್ ಅವರನ್ನು ಕೇಳಿ. ಅವರ ತಾಯಿ ಜೆಲ್ಫಾ ಆಗ ಇಪ್ಪತ್ತರ ಕಪ್ಪು ಹುಡುಗಿ, ಊರವರ ಬಟ್ಟೆ ಒಗೆಯುತ್ತಿದ್ದಳು. ಜುಲೈ ನಾಲ್ಕರ ಮೆರವಣಿಗೆಗೆ ಮುಂಚೆ ಮಹನೀಯರು ತಮ್ಮ ಗವುಸು, ನಿಲುವಂಗಿಗಳನ್ನು ಒಗೆಯಲು ಕೊಟ್ಟಿದ್ದು ಯಾರಿಗೆ? ಅವಳಿಗೇ! ಯಾರ ತೋಳಿನಲ್ಲಿ ಯಾವ ಕಲೆ ಎಂಬುದು ಬಾಯಿಪಾಠವಾಗಿದ್ದ ಜೆಲ್ಫಾ ಹಾಡಹಗಲೇ ರಸ್ತೆ ಬದಿ ನಿಂತು ಹದಿಮೂರು ಜನರನ್ನು ಹೆಸರು ಹಿಡಿದು ಮಾತನಾಡಿಸಿದಳಂತೆ.

“ನಮಸ್ಕಾರ ಡಾಕ್ಟ್ರೇ, ಆ ಸಾಸಿವೆ ಕಲೆ ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ ನೋಡಿ.”

ನನ್ನ ಅಡುಗೆಮನೆಯಲ್ಲಿ ಇದನ್ನು ಹೇಳುತ್ತಾ ಔಟ್‌ಲ್ಯಾಂಡ್ ಅವರು ನಕ್ಕೂ ನಕ್ಕೂ ಪುಡಿಂಗನ್ನು ನೆತ್ತಿಗೆ ಹತ್ತಿಸಿಕೊಂಡರು. ಅಮ್ಮನಿಂದ ಕೇಳಿ ಕಲಿತ ಹದಿಮೂರು ಹೆಸರುಗಳನ್ನೂ ಹೇಳಿದರು. ಹದಿಮೂರೂ ಕೌದಿಯಲ್ಲಿವೆ. ಮೆರವಣಿಗೆಯ ಮರುವಾರದಿಂದ ಅವಳಿಗೆ ಯಾರೂ ಬಟ್ಟೆ ಕೊಡಲಿಲ್ಲ, ಅವಳು ಊರು ಬಿಟ್ಟಳು. ನಿಮ್ಮ ಕಿರುಪುಸ್ತಕದ ಒಂಬತ್ತನೇ ಪುಟ ಮಾತ್ರ ಇಂದಿಗೂ ಬೇರೆ ಹೇಳುತ್ತದೆ: ಶ್ರೀಮತಿ ಸ್ಟ್ರಿಕ್ಲರ್ ದ್ರಾಕ್ಷಿ ಗೊಂಚಲು ಕಸೂತಿ ಹಾಕಿದ್ದ ಮೇಜುಬಟ್ಟೆಯನ್ನು ಕದ್ದು ಅಗಸಗಿತ್ತಿ ಪರಾರಿಯಾದಳಂತೆ.

“ನಾನು ಕಣ್ಣು ಮುಚ್ಚೋದ್ರೊಳಗೆ ನಮ್ಮಮ್ಮ ಕಳ್ಳಿ ಅಲ್ಲ ಅಂತ ಅಲ್ಲಿ ಬರೀಬೇಕು, ಅಷ್ಟೇ ಕಣಮ್ಮಾ,” ಎಂದರು.

ಆದ್ದರಿಂದ ತೇಪೆ ಬಿಚ್ಚಿ, ಚೀಟಿಯಲ್ಲಿ ಸಂಘದ ಹೆಸರು ಬರೆಸಿ, ಒಂಬತ್ತನೇ ಪುಟ ತಿದ್ದಿ. ಶನಿವಾರ ಔಟ್‌ಲ್ಯಾಂಡ್ ಅವರನ್ನು ಕರೆತರುತ್ತೇನೆ. ಜೊತೆಗೆ ಆ ಮೇಜುಬಟ್ಟೆಯನ್ನೂ ತರುತ್ತೇನೆ.

ಇಂತಿ,
ಅದೇ ಬಟ್ಟೆ ಹಾಸಿದ ಅಜ್ಜಿಯ ಮೇಜಿನಲ್ಲಿ ಪ್ರತಿ ಕ್ರಿಸ್‌ಮಸ್‌ಗೂ ಹೊಟ್ಟೆ ತುಂಬ ಉಂಡು ಬೆಳೆದ,
ವರ್ನೆಟ್ಟಾ ಸ್ಟ್ರಿಕ್ಲರ್