ಮೆಣಸಿನಕಾಯಿ ಕಣಕ್ಕೆ ಬಿದ್ದ ಸಿಕ್ಸರ್

ರಾಜ್ಯ ಕ್ರಿಕೆಟ್ ತಂಡವನ್ನು ಆರಿಸುವ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಸಿದ್ದಲಿಂಗ ಬ್ಯಾಟು ಹಿಡಿದು ನಿಂತರೆ ನೋಡುವವರಿಗೆ ನಿದ್ದೆ ಬರುತ್ತದೆ ಎಂದು ತಾವು ಪತ್ರಕರ್ತರನ್ನು ನಗಿಸಿ, ಎರಡೇ ಪಂದ್ಯಕ್ಕೆ ಅವರನ್ನು ತಂಡದಿಂದ ಹೊರಗೆ ಹಾಕಿದಿರಿ. ನಾನು ಅವರ ಹೆಂಡತಿ. ನಮ್ಮ ಮನೆಯಲ್ಲಿ ಹಲ್ಲು ಬರುತ್ತಿರುವ ಕೂಸು ಇದೆ. ಅದು ಮಲಗುವುದಿಲ್ಲ, ನನ್ನನ್ನೂ ಮಲಗಗೊಡುವುದಿಲ್ಲ. ತಮ್ಮ ಮಾತು ನಂಬಿ ಅವರ ಕೈಗೆ ಬ್ಯಾಟು ಕೊಟ್ಟು ತೊಟ್ಟಿಲ ಮುಂದೆ ನಿಲ್ಲಿಸಿದೆ. ಕೂಸು ಇನ್ನೂ ಜೋರಾಗಿ ಅತ್ತಿತು. ತಮ್ಮ ತಜ್ಞ ಅಭಿಪ್ರಾಯದಲ್ಲಿ ಏನೋ ದೋಷವಿದೆ ಎಂದು ತಿಳಿಸಲು ಈ ಪತ್ರ.

ಮೊದಲ ಪಂದ್ಯದಲ್ಲಿ ತಂಡದ ಉಳಿದ ಮಹಾಶೂರರು ಊಟದ ಹೊತ್ತಿಗೇ ಪ್ಯಾಡು ಬಿಚ್ಚಿ ಕುಳಿತಿದ್ದರು. ಇವರೊಬ್ಬರೇ ಸಂಜೆಯವರೆಗೆ ನಿಂತು ಸೋಲು ತಪ್ಪಿಸಿದರು. ಎರಡನೆಯದರಲ್ಲಿ ಚೆಂಡು ಬಡಿದು ಬೆರಳು ಬಾತಿದ್ದರೂ ಕ್ರೀಸು ಬಿಡಲಿಲ್ಲ. ಇವರನ್ನು ಕೈಬಿಟ್ಟ ಮೇಲೆ ತಮ್ಮ ತಂಡ ನಾಲ್ಕು ದಿನದ ಪಂದ್ಯವನ್ನು ಎರಡೇ ದಿನದಲ್ಲಿ ಸೋತು ಬಂತು. ಆಗ ಯಾರಿಗೂ ನಿದ್ದೆ ಬರಲಿಲ್ಲವಂತೆ! ಮಿಕ್ಕ ಎರಡು ದಿನ ಹೋಟೆಲಿನಲ್ಲಿ ಯಾರು ಯಾರು ಮಲಗಿದ್ದರು ಎಂದು ಸಮಿತಿ ವಿಚಾರಿಸಿತೇ?

ನನ್ನ ಗಂಡ ಆಡಿ ಬೆಳೆದದ್ದು ರೋಣದಲ್ಲಿ, ನಮ್ಮ ಓಣಿಯ ಹಿಂದಿನ ಬಯಲಿನಲ್ಲಿ. ಬಯಲಿನ ಅಂಚಿಗೆ ಮೋಟುಗೋಡೆ, ಗೋಡೆಯಾಚೆ ಬೀಬಿಜಾನ ಚಾಚಿಯ ಮೆಣಸಿನಕಾಯಿ ಕಣ. ಚೆಂಡು ಅಲ್ಲಿ ಬಿದ್ದರೆ ಹುಡುಕಲು ಹೋದವರು ಒಣಹಾಕಿದ ಕಾಯಿ ತುಳಿಯುತ್ತಾರೆ, ಬೀಜ ಉದುರುತ್ತದೆ, ಪೇಟೆಯಲ್ಲಿ ಅದನ್ನು ಯಾರೂ ಮೂಸುವುದಿಲ್ಲ. ಹೀಗಾಗಿ ಅಲ್ಲಿ ಗೋಡೆ ದಾಟಿದರೆ ಆರು ರನ್ ಇಲ್ಲ, ಔಟ್. ಮೇಲೆ ಚಾಚಿಯ ಎಚ್ಚರಿಕೆ ಬೇರೆ: "ಏ ಸಿದ್ಲಿಂಗ್ಯಾ, ನೆಲಾ ಹಿಡದ ಹೊಡಿಯಪಾ! ಚಂಡ ಈ ಕಡೆ ಬಂತಂದ್ರ ಒಲಿಗೆ ಹಾಕ್ತೀನಿ ನೋಡ!"

ಕಾಯುವುದನ್ನು ಅವರು ಕಲಿತದ್ದು ಹೀಗೆ. ನರಗುಂದ, ಗಜೇಂದ್ರಗಡದ ಟೂರ್ನಮೆಂಟುಗಳಲ್ಲಿ ವೇಗದ ಬೌಲರುಗಳು ಎಸೆದೆಸೆದು ಸೊಂಟ ಹಿಡಿದುಕೊಂಡ ಮೇಲೆ ಇವರ ರನ್ ಶುರುವಾಗುತ್ತಿತ್ತು. "ಅಂವಾ ದಣೀಲಿ, ತಡಿ" ಎನ್ನುವುದೇ ಇವರ ಇಡೀ ಯುದ್ಧತಂತ್ರ. ತಮ್ಮ ತರಬೇತಿ ಶಿಬಿರಗಳಲ್ಲಿ ಇದನ್ನು ಯಾವ ಕೋಚು ಕಲಿಸುತ್ತಾನೆ ಹೇಳಿ?

ಮುಂದಿನ ವಾರ ಹುಬ್ಬಳ್ಳಿಯಲ್ಲಿ ಆಯ್ಕೆಯ ಪಂದ್ಯವಿದೆ. "ಸಿಕ್ಸರ್ ಹೊಡೆಯುವುದಿದ್ದರೆ ಬಾ, ಇಲ್ಲದಿದ್ದರೆ ಮನೆಯಲ್ಲಿ ಕೂಸು ಆಡಿಸು" ಎಂದು ತಾವು ಫೋನಿನಲ್ಲಿ ಅಪ್ಪಣೆ ಕೊಡಿಸಿದಿರಿ. ಕೂಸು ಆಡಿಸುವುದು ಸುಲಭ ಎಂದು ತಮಗೆ ಹೇಳಿದವರು ಯಾರೋ! ಅಂದಿನಿಂದ ಇವರು ಒಗ್ಗದ ಆಟ ಆಡುತ್ತಿದ್ದಾರೆ. ಗದಗಿನ ಕ್ಲಬ್ ಪಂದ್ಯದಲ್ಲಿ ಮೊದಲ ಚೆಂಡಿಗೇ ಬೀಸಿ ವಿಕೆಟ್ ಒಪ್ಪಿಸಿ ಬಂದರು. ಕಳೆದ ಭಾನುವಾರ ಸಿಕ್ಸರ್ ಅಭ್ಯಾಸಕ್ಕೆಂದು ಹಳೆಯ ಬಯಲಿಗೇ ಹೋಗಿ, ಗೋಡೆ ದಾಟಿಸಲು ಚಾಚಿಯ ಅನುಮತಿ ಕೇಳಿದರು. ಇಷ್ಟು ವರ್ಷ ಹೆದರಿಸಿದ ಚಾಚಿ ಕಾಯಿಯನ್ನೆಲ್ಲ ಮೂಲೆಗೆ ಗೂಡಿಸಿ, ತಾಡಪತ್ರಿ ಹೊದಿಸಿ, "ಹೊಡಿಯಪಾ. ನಿನ್ನ ಹೊಟ್ಟಿಪಾಡಿಗಿಂತ ನನ್ನ ಕಾಯಿ ದೊಡ್ಡುವೇನ?" ಎಂದರು.

ಹೊಡೆದರು. ಚೆಂಡು ಎತ್ತರಕ್ಕೆ ಹಾರಿ ಕಣದ ನಡುವೆಯೇ ಬಿತ್ತು. ಚೆಂಡೆಸೆಯಲು ಬಂದಿದ್ದ ಓಣಿಯ ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಇವರು ಬ್ಯಾಟನ್ನು ಕಂಕುಳಲ್ಲಿ ಇರುಕಿಕೊಂಡು, ತಲೆ ತಗ್ಗಿಸಿ, ಔಟಾದವರು ಕೂರುವ ಬೇವಿನ ಮರದ ಕಡೆ ನಡೆದುಬಿಟ್ಟರು.

"ಎಲ್ಲಿ ಹೊಂಟ್ರಿ?" ಎಂದು ಕೂಸನ್ನೆತ್ತಿಕೊಂಡು ಅಂಚಿನಲ್ಲಿ ನಿಂತಿದ್ದ ನಾನು ಕೂಗಿದೆ.

"ಗ್ವಾಡಿ ದಾಟ್ತಲ್ಲ, ಔಟ್," ಎಂದರು.

ಹುಡುಗರು ನಕ್ಕರು, ಚಾಚಿಯೂ ನಕ್ಕರು. ನನಗೆ ನಗು ಬರಲಿಲ್ಲ. ಹುಬ್ಬಳ್ಳಿಯಲ್ಲಿ ಹೀಗೇ ಆಡಿದರೆ ಸಿಕ್ಸರೂ ಕೈಗೆ ಹತ್ತುವುದಿಲ್ಲ, ನಿಲ್ಲುವುದೂ ಮರೆತುಹೋಗಿರುತ್ತದೆ. ಕೂಸು ಮಲಗಿದ ಮೇಲೂ ನಾನು ಕಣ್ಣು ಬಿಟ್ಟುಕೊಂಡಿರುವುದು ಇದೇ ಚಿಂತೆಗೆ.

ನನ್ನ ಗಂಡನನ್ನು ಆರಿಸಿರಿ ಎಂದು ನಾನು ಸೆರಗೊಡ್ಡುತ್ತಿಲ್ಲ. ಪಂದ್ಯಕ್ಕೆ ಮೊದಲು ತಾವೇ ಫೋನ್ ಮಾಡಿ, "ನಿನಗೆ ಬಂದಂತೆ ಆಡು" ಎಂದು ಹೇಳಬೇಕು. ಆಮೇಲೆ ಅವರು ನಿಂತಷ್ಟು ಹೊತ್ತು ತಾವು ಕುಳಿತು ನೋಡಬೇಕು. ಅಷ್ಟು ಹೊತ್ತು ಎಚ್ಚರವಿರುವುದು ತಮ್ಮಿಂದ ಆಗದಿದ್ದರೆ ಆ ಕುರ್ಚಿಯನ್ನು ನನಗೆ ಬಿಟ್ಟುಕೊಡಿ. ನನಗೆ ರೂಢಿಯಾಗಿದೆ.

ಇಂತಿ,
ಕೂಸು ಏಳುವುದರೊಳಗೆ ಪತ್ರ ಮುಗಿಸಿದ
ಉಮಾಶ್ರೀ, ರೋಣ