ಬಾಗಿಲಿಗೆ ಸಿಕ್ಕಿಸಿದ ಹಸಿರು ಟೊಂಗೆ

ಥುಯೆತ್ ಅಕ್ಕಾ,

ಈ ಕಾರ್ಡು ತಲುಪಿದರೂ ನಾನು ಬಂದಿರದಿದ್ದರೆ ಪೊಲೀಸರ ಹತ್ತಿರ ಓಡಬೇಡ. ಬೆಟ್ಟದ ಈ ಮೊಂಗ್ ಬುಡಕಟ್ಟಿನವರ ಊರಿನಲ್ಲೇ ಸಿಕ್ಕಿಕೊಂಡಿದ್ದೇನೆ. ನಾನು ಅಂಗಳದಾಚೆಯ ಕೋಣೆ ಹಿಡಿದಿರುವ ಮನೆಯ ಸೊಸೆ ಪಾಂಗ್ ಹೆತ್ತು ಒಂಬತ್ತು ದಿನ. ಹೊರಗಿನವರು ಬರಬಾರದೆಂದು ಬಾಗಿಲಿಗೆ ಹಸಿರು ಟೊಂಗೆ ಸಿಕ್ಕಿಸಿದ್ದರು. ನಾನು ಅಲಂಕಾರ ಅಂದುಕೊಂಡು, ಬೆಳಗ್ಗೆ ಬಿಸಿನೀರಿಗೆಂದು ಬೂಟು ಸಮೇತ ಒಳಗೆ ನುಗ್ಗಿದೆ. ಮಧ್ಯಾಹ್ನಕ್ಕೆ ಪಾಂಗ್‌ಳ ಎದೆಹಾಲು ನಿಂತುಹೋಯಿತು!

"ಬೂಟಿಗೆ ಅಂಟಿಸ್ಕೊಂಡು ಹಾಲೆಲ್ಲಾ ಹೊತ್ಕೊಂಡು ಹೋದ್ಯಲ್ಲೇ ತಾಯಿ!" ಎಂದಳು ಅವಳ ಅತ್ತೆ ಮಾಯ್. "ವಾಪಸ್ ಕೊಟ್ಟು ಹೋಗು. ಅಲ್ಲೀವರೆಗೂ ಊಟ ಪುಕ್ಕಟೆ."

ಹಾಲು ಮರಳಲೆಂದು ಅವರ ಪದ್ಧತಿಯಂತೆ ಹೊಸ್ತಿಲ ಹೊರಗೇ ನಿಂತು ಬಾಣಂತಿಗೆ ನನ್ನ ಕೈಯಾರೆ ಒಂದು ಬಟ್ಟಲು ನೀರು ಕೊಟ್ಟೆ. ಬಟ್ಟಲು ಬಾಗಿಲ ಚೌಕಟ್ಟಿಗೆ ತಾಗಿ ಅರ್ಧ ಚೆಲ್ಲಿತು. ಅರ್ಧ ನೀರಿಗೆ ಅರ್ಧವೇ ಹಾಲು ಬಂದರೆ ಏನು ಗತಿ? ಹಾಲು ಬರುವವರೆಗೆ ಊರು ಬಿಡುವಂತಿಲ್ಲ, ಬಿಡಲು ನನಗೂ ಮನಸ್ಸಿಲ್ಲ.

ಬಿ.ಪಿ. ಮಾತ್ರೆ ಎರಡೇ ಉಳಿದಿವೆ. ನನ್ನ ಕೋಳಿಗಳಿಗೆ ನೀನೇ ಕಾಳು ಹಾಕು.

ಇಷ್ಟು ಹೊತ್ತು ಅಳುತ್ತಿದ್ದ ಮಗು ಈಗ ತಾನೇ ಸುಮ್ಮನಾಯಿತು. ಹೊಟ್ಟೆ ತುಂಬಿಯೋ, ಅತ್ತು ಸೋತೋ? ಒಳಗೆ ಹೋಗಿ ಕೇಳುವಂತಿಲ್ಲ. ಕೂಗಿ ಕೇಳಿದರೆ ಮಗು ಎದ್ದೀತು.

ನಿನ್ನ ಥೋವಾ